ನೇತ್ರಾಂಜನ, ಪ್ರಾಚೀನ ಈಜಿಪ್ಟಿನ

ನೈಲ್ ನದಿಯ ಕಣಿವೆಯಲ್ಲಿ ಸ್ತ್ರೀಪುರುಷರೆಂಬ ಭೇದವಿಲ್ಲದೆ ಎಲ್ಲರೂ ಹಚ್ಚಿಕೊಳ್ಳುತ್ತಿದ್ದ, ಸತ್ತವರೊಡನೆ ಸಮಾಧಿಯೊಳಕ್ಕೂ ಹೋಗುತ್ತಿದ್ದ ಕಣ್ಣಿನ ಲೇಪನದ್ರವ್ಯ. ಇದರಲ್ಲಿ ಹಸಿರು, ಕಪ್ಪು ಎಂಬ ಎರಡು ಬಗೆಗಳಿದ್ದುವು. ರಾಜವಂಶಗಳು ಏರ್ಪಡುವುದಕ್ಕೆ ಮೊದಲೇ ಮ್ಯಾಲಕೈಟ್ ಎಂಬ ತಾಮ್ರದ ಹಸಿರು ಖನಿಜವನ್ನು ಕಲ್ಲಿನ ಹಲಗೆಯ ಮೇಲೆ ಅರೆದು ಹಚ್ಚುವುದು ರೂಢಿಯಲ್ಲಿದ್ದಿತು. ಕಾಲಕ್ರಮದಲ್ಲಿ ಕಪ್ಪು ಮೇಲುಗೈ ಪಡೆಯಿತು. ಅಲಬಾಸ್ಟರ್ ಕಲ್ಲು, ಮಣ್ಣು, ಮರ, ಜೊಂಡಿನ ಕೊಳವೆ ಇವುಗಳಿಂದ ಮಾಡಿದ ಕರಂಡಕಗಳಲ್ಲಿ ಈ ಪುಡಿ, ಆ ನಾಡಿನ ಶುಷ್ಕವಾದ ಹವೆಯ ದೆಸೆಯಿಂದ, ಮೂರು ನಾಲ್ಕು ಸಹಸ್ರ ವರ್ಷಗಳು ಕಳೆದರೂ ಕೆಡದೆ ಉಳಿದುಬಂದಿರುವುದು ಪುರಾತತ್ತ್ವಕ್ಕೆ ದೊರೆತ ದೊಡ್ಡ ಭಾಗ್ಯವೆನ್ನಬೇಕು.

ಈ ಕಪ್ಪು ಅಂಜನವು ಆಂಟಿಮನಿಯ ಅದಿರೆಂಬ ಭಾವನೆ ಬಹುಕಾಲ ಪ್ರಚಲಿತವಾಗಿದ್ದಿತು. ತೂತನ್‌ಖಾಮೆನ್ನನ ಸಮಾಧಿಯ ವಸ್ತುಗಳ ಸಂರಕ್ಷಣೆಯಲ್ಲಿ ದುಡಿದ ರಸಾಯನಜ್ಞ ಆಲ್ಫ್ರೆಡ್ ಲ್ಯೂಕಸ್, ಹಿಂದಿನವರ ಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿ, ಬಹುತೇಕ ಕರಂಡಕಗಳಲ್ಲಿರುವುದು ಆಂಟಿಮನಿಯಲ್ಲ, ಗೆಲೀನ ಎಂಬ ಸೀಸದ ಸಲ್ಫೈಡ್ ಎಂದು ತೋರಿಸಿಕೊಟ್ಟನು. ಎರಡೂ ಕಪ್ಪಾಗಿ ಹೊಳೆಯುವ ಖನಿಜಗಳಾದುದರಿಂದ ಹೆಸರುಗಳು ಒಂದರಿಂದ ಇನ್ನೊಂದಕ್ಕೆ ಹಾಯುವುದು ಸಹಜ. ನಮ್ಮಲ್ಲಿಯೂ ಆಂಟಿಮನಿಯ ಅದಿರೆಂಬ ಹೆಸರಿನಿಂದ ಅಂಗಡಿಗಳಲ್ಲಿ ಮಾರುವ ಸುರ್ಮಾ ಅನೇಕ ವೇಳೆ ಗೆಲೀನವೇ ಆಗಿರುವುದುಂಟು. ಹರಳೆಣ್ಣೆಯ ದೀಪದ ಮೇಲೆ ತಟ್ಟೆಯನ್ನು ಕವಿಚಿ, ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸಿ ಮಾಡುವ ನಮ್ಮ ಮನೆಗಳ ಕಾಡಿಗೆ ಮಾತ್ರ ಬೇರೆಯೇ ಜಾತಿಯದು; ಅದು ಇಂಗಾಲ, ಖನಿಜವಲ್ಲ.

ನಿರ್ಣಾಯಕವಾದ ಶೋಧನೆ ನಡೆದದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದ್ದ 49 ಕರಂಡಕಗಳ ಪುಡಿಗಳನ್ನು ಫಿಲಿಪ್ ವಾಲ್ಟರ್ ಮತ್ತು ಸಂಗಡಿಗರು ಕ್ಷಕಿರಣಗಳಿಂದ ಪರೀಕ್ಷಿಸಿ, ಫಲಿತಾಂಶವನ್ನು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹರಳಿನ ಮೇಲೆ ಬಿದ್ದ ಕ್ಷಕಿರಣವು ಆ ಹರಳಿನೊಳಗಿನ ಪರಮಾಣುಗಳ ಜೋಡಣೆಗೆ ತಕ್ಕಂತೆ ನಿಯತವಾದ ಕೋನಗಳಲ್ಲಿ ಚದರುವುದರಿಂದ, ಚಿಟಿಕೆಗಿಂತ ಕಡಮೆಯಾದ ಪುಡಿಯಲ್ಲಿಯೂ ಯಾವ ಯಾವ ಸಂಯುಕ್ತಗಳು ಎಷ್ಟೆಷ್ಟು ಬೆರೆತಿವೆಯೆಂಬುದನ್ನು ಗಣಿಸಿ ಹೇಳಬಹುದು. ಕಪ್ಪು ಗೆಲೀನ, ಬಿಳಿಯ ಸೆರುಸೈಟ್ ಎಂಬ ಸೀಸದ ಕಾರ್ಬೊನೇಟ್, ಇವು ನಿರೀಕ್ಷಿತವೇ ಆಗಿದ್ದುವು. ಅವುಗಳ ಜೊತೆಗೆ ಲಾರಿಯೊನೈಟ್, ಫಾಸ್ಜಿನೈಟ್ ಎಂಬ ಕ್ಲೋರಿನ್‌ಯುಕ್ತವಾದ ಎರಡು ಬಿಳಿಯ ಸೀಸದ ಸಂಯುಕ್ತಗಳು ಕಂಡುಬಂದುದೇ ವಿಸ್ಮಯಕ್ಕೆ ಕಾರಣವಾಯಿತು. ಇವು ನಿಸರ್ಗದಲ್ಲಿ ಅತಿವಿರಳ. ಲಾರಿಯೊನೈಟಿಗೆ ಹೆಸರನ್ನು ಕೊಟ್ಟ ಗ್ರೀಸಿನ ಲಾರಿಯಂನಲ್ಲಿಯೂ ಅದು ಹುಟ್ಟಿದ್ದು ಪುರಾತನ ಗಣಿಗಳ ಸೀಸದ ಕಿಟ್ಟವನ್ನು ಸಮುದ್ರದ ಉಪ್ಪುನೀರು ತೋಯಿಸಿದುದರಿಂದ. ಹಾಗಿರಲು, ಈಜಿಪ್ಟಿನ ಕರಂಡಕಗಳಲ್ಲಿ ಗಣನೀಯವಾದ ಪ್ರಮಾಣದಲ್ಲಿ ಇವು ಇರಬೇಕಾದರೆ, ಯಾರೋ ಇವನ್ನು ಬುದ್ಧಿಪೂರ್ವಕವಾಗಿ ತಯಾರಿಸಿ ಬೆರೆಸಿರಲೇಬೇಕು.

ತಯಾರಿಸಿದ ಬಗೆಗೆ ಕ್ರಿಸ್ತಶಕ ಒಂದನೆಯ ಶತಮಾನದ ಡಯಾಸ್ಕೊರಿಡೀಸ್ ಮತ್ತು ಪ್ಲಿನಿ ಇವರ ಗ್ರಂಥಗಳಲ್ಲಿ ಸುಳಿವು ದೊರೆಯಿತು. ಸೀಸದ ಆಕ್ಸೈಡನ್ನು ನುಣ್ಣಗೆ ಅರೆದು, ಸೈಂಧವ ಲವಣದೊಡನೆ, ಕೆಲವು ಪಾಕಗಳಲ್ಲಿ ನೇಟ್ರಾನ್ ಎಂಬ ಸೋಡಾ ಉಪ್ಪನ್ನೂ ಸೇರಿಸಿ, ನೀರಿನಲ್ಲಿ ಕದಡಿ, ತಿಳಿಯನ್ನು ಬಗ್ಗಿಸಿ ಮತ್ತೆ ಹೊಸ ನೀರೆರೆಯುತ್ತ ವಾರಗಟ್ಟಲೆ ಸಾಗಿಸಬೇಕು. ಸಂಶೋಧಕರು ಪ್ರಯೋಗಶಾಲೆಯಲ್ಲಿ ಹಾಗೆಯೇ ಮಾಡಿ ನೋಡಲಾಗಿ, ಕೆಂಪು ಪುಡಿ ಕ್ರಮೇಣ ಬೆಳ್ಳಗಾಗಿ ಲಾರಿಯೊನೈಟ್ ದೊರೆಯಿತು. ನೀರು ಬದಲಿಸುವುದು ಬರಿಯ ಶುಚಿತ್ವಕ್ಕಾಗಿಯಲ್ಲ: ಕ್ರಿಯೆಯಲ್ಲಿ ಹುಟ್ಟುವ ಕ್ಷಾರವು ಪಾತ್ರೆಯಲ್ಲಿಯೇ ನಿಂತರೆ ಬೇಕಾದ ಲವಣ ಕೂಡಿಬರದು. ಈ ರಹಸ್ಯವನ್ನು ಪ್ರಾಚೀನ ಈಜಿಪ್ಟಿನ ಕುಶಲಿಗಳು ಸೂತ್ರದಿಂದಲ್ಲ, ಕೈಯ ಅಭ್ಯಾಸದಿಂದ ಅರಿತಿದ್ದರು. ಬೆಂಕಿಯಿಂದ ನೀಲವರ್ಣವನ್ನು ತಯಾರಿಸುವ ವಿದ್ಯೆ ಈಜಿಪ್ಟಿನಲ್ಲಿ ಅದಕ್ಕೂ ಹಿಂದಿನಿಂದ ತಿಳಿದಿತ್ತು. ನೀರಿನಿಂದ ಹೊಸ ದ್ರವ್ಯವನ್ನು ಪಡೆಯುವ ವಿದ್ಯೆಯೂ ಕ್ರಿ.ಪೂ. 2000ದ ಹೊತ್ತಿಗೆ ಅವರ ಕೈವಶವಾಗಿತ್ತೆಂಬುದು ಈ ಶೋಧನೆಯ ಪರಮಫಲ.

ಇಷ್ಟು ಶ್ರಮವೇಕೆ? ಬಿಳುಪೊಂದೇ ಬೇಕಿದ್ದರೆ ಸೆರುಸೈಟ್ ಸಾಲುತ್ತಿತ್ತು. ಚಿಕಿತ್ಸೆಯ ಉದ್ದೇಶವೂ ಇದ್ದಿರಬಹುದು: ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪಪೈರಸ್ ಎಂಬ ಈಜಿಪ್ಟಿನ ವೈದ್ಯಗ್ರಂಥದಲ್ಲಿ ಗೆಲೀನವು ನೇತ್ರರೋಗಗಳ ಔಷಧಗಳಲ್ಲಿ ಎಣಿಕೆಯಾಗಿದೆ. 2010ರಲ್ಲಿ ಕ್ರಿಶ್ಚಿಯನ್ ಅಮತೋರ್ ಮೊದಲಾದವರು, ಅತಿಸೂಕ್ಷ್ಮವಾದ ವಿದ್ಯುದಗ್ರವನ್ನು ಚರ್ಮದ ಒಂದೊಂದೇ ಜೀವಕೋಶದ ಬಳಿಗೆ ತಂದು ಅಳೆದು, ಅತ್ಯಲ್ಪ ಪ್ರಮಾಣದ ಸೀಸದ ಅಯಾನುಗಳು ನೈಟ್ರಿಕ್ ಆಕ್ಸೈಡಿನ ಉತ್ಪತ್ತಿಯನ್ನು 240% ವರೆಗೆ ಹೆಚ್ಚಿಸುವುವೆಂದೂ, ಅದರಿಂದ ದೇಹದ ರೋಗನಿರೋಧಕ ಶಕ್ತಿ ಎಚ್ಚರಗೊಳ್ಳಬಹುದೆಂದೂ ತಿಳಿಸಿದರು. ಇದು ಆಶ್ಚರ್ಯಕರವಾದ ಫಲಿತಾಂಶವೇ ಸರಿ; ಆದರೆ ಕೋಶದಲ್ಲಿ ಕಂಡ ಕ್ರಿಯೆಯಿಂದ ರೋಗಿಯ ಕಣ್ಣು ವಾಸಿಯಾಯಿತೆಂದು ಹೇಳಲಾಗದು. ಸೀಸವು ದೇಹದಲ್ಲಿ ಸಂಚಯವಾಗುವ ವಿಷ. ಶಿಶುಗಳ ಕಣ್ಣಿಗೆ ಸೀಸದ ಸುರ್ಮಾ ಹಚ್ಚುವುದು ಇಂದಿಗೂ ಅಪಾಯಕರ.

ಅಂಜನವೆಲ್ಲ ಸೀಸವೇ ಎಂಬ ತೀರ್ಮಾನವೂ ಈಗ ಸಡಿಲಗೊಂಡಿದೆ. ಲಂಡನ್ನಿನ ಪೆಟ್ರಿ ಸಂಗ್ರಹಾಲಯದ 11 ಕರಂಡಕಗಳ ಶೋಧನೆಯಿಂದ, ಸಸ್ಯಜನ್ಯ ಮತ್ತು ಪ್ರಾಣಿಜನ್ಯ ದ್ರವ್ಯಗಳೇ ಪ್ರಧಾನವಾಗಿದ್ದ ಪಾಕಗಳೂ ಇದ್ದುವೆಂದು 2022ರಲ್ಲಿ ತಿಳಿದುಬಂದಿತು.

ಹಳೆಯ ಲೇಪವನ್ನು ವಿಶ್ಲೇಷಿಸಿ, ಅದನ್ನು ಮತ್ತೆ ತಯಾರಿಸಿ ನೋಡುವ ಈ ಶೋಧನಕ್ರಮಕ್ಕೆ ಈಜಿಪ್ಟಿನ ಹೊರಗೂ ಒಂದು ಸುಂದರ ನಿದರ್ಶನವುಂಟು. 2003ರಲ್ಲಿ ಲಂಡನ್ನಿನ ಸದರ್ಕ್ ಭಾಗದ ರೋಮನ್ ದೇವಾಲಯದ ನಿವೇಶನದಲ್ಲಿ, ಕ್ರಿಸ್ತಶಕ ಎರಡನೆಯ ಶತಮಾನದ ತವರದ ಡಬ್ಬಿಯೊಂದು ಬಿಗಿಯಾಗಿ ಮುಚ್ಚಿದ ಸ್ಥಿತಿಯಲ್ಲಿಯೇ ದೊರೆಯಿತು. ಒಳಗೆ ಬಿಳಿಯ ಲೇಪವೂ ಅದರ ಮೇಲೆ ಬೆರಳಿನ ಗುರುತೂ ಇದ್ದುವು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ರಿಚರ್ಡ್ ಎವರ್‌ಶೆಡ್ ಮತ್ತು ಸಂಗಡಿಗರು ಅದರಲ್ಲಿ ಪ್ರಾಣಿಯ ಕೊಬ್ಬು ಮತ್ತು ಪಿಷ್ಟ ಇವು ಸುಮಾರು ಸಮಭಾಗವಾಗಿಯೂ, ತವರವನ್ನು ಗಾಳಿಯಲ್ಲಿ ಕಾಯಿಸಿ ಪಡೆದ ತವರದ ಆಕ್ಸೈಡ್ ಬಿಳುಪಿಗಾಗಿಯೂ ಸೇರಿರುವುದನ್ನು ಕಂಡರು. ಅದೇ ಪ್ರಮಾಣದಲ್ಲಿ ಹೊಸದಾಗಿ ಕಲಸಿ ಚರ್ಮಕ್ಕೆ ತೀಡಿದಾಗ, ಮೊದಲು ಜಿಡ್ಡೆನಿಸಿದ ಲೇಪದ ಕೊಬ್ಬು ಮೈಯ ಬಿಸಿಗೆ ಕರಗಿ ಹೋಗಿ, ಪಿಷ್ಟದ ನವುರಾದ ಬಿಳುಪು ಮಾತ್ರ ನಿಂತಿತು.