ಮಾರ್ಟನ್ ಓಲ್ಸೆನ್: ನಾಯಕನಾಗಿ, ಕೋಚ್ ಆಗಿ

ಮಾರ್ಟನ್ ಓಲ್ಸೆನ್ ಹುಟ್ಟಿದ್ದು 1949ರ ಆಗಸ್ಟ್ 14ರಂದು, ಡೆನ್ಮಾರ್ಕಿನ ವೋರ್ಡಿಂಗ್‌ಬೋರ್ಗ್‌ನಲ್ಲಿ. ಅವರು ಆಟಕ್ಕಿಳಿದ ಕಾಲದಲ್ಲಿ ಆ ದೇಶದ ಫುಟ್‌ಬಾಲ್ ಹವ್ಯಾಸಿಗಳದ್ದಾಗಿತ್ತು. ಸಂಬಳ ಬೇಕೆಂದರೆ ಹೊರದೇಶದ ಕ್ಲಬ್ ಸೇರಬೇಕಿತ್ತು. ಹಾಗೆ ಹೋದವರಿಗೆ 1971ರವರೆಗೆ ರಾಷ್ಟ್ರೀಯ ತಂಡದಲ್ಲಿ ಜಾಗವಿರಲಿಲ್ಲ. ನಿಷೇಧ ತೆರವಾದ ಮರುವರ್ಷವೇ ಓಲ್ಸೆನ್ ಬೆಲ್ಜಿಯಂನ ಸರ್ಕಲ್ ಬ್ರೂಗ್ ಸೇರಿದರು. ನಿಷೇಧ ತೆರವಾಗದೇ ಹೋಗಿದ್ದರೆ ದೇಶದ ಅಂಗಿ ಅಥವಾ ಹೊಟ್ಟೆಪಾಡು, ಎರಡರಲ್ಲೊಂದನ್ನು ಅವರು ಬಿಡಲೇಬೇಕಾಗುತ್ತಿತ್ತು.

ಬ್ರೂಗ್ ಬಳಿಕ ಅದೇ ದೇಶದ ಮೋಲೆನ್‌ಬೀಕ್, 1980ರಲ್ಲಿ ಆಂಡರ್ಲೆಕ್ಟ್. ಮಿಡ್‌ಫೀಲ್ಡಿನಲ್ಲಿ ಬೆಳೆದ ಆಟಗಾರ ಇಲ್ಲಿ ಲಿಬೆರೊ ಆದರು, ಅಂದರೆ ರಕ್ಷಕರ ಹಿಂದೆ ಯಾವೊಬ್ಬ ಎದುರಾಳಿಯನ್ನೂ ಕಾಯುವ ಹೊಣೆಯಿಲ್ಲದೆ ನಿಂತು ಇಡೀ ಆಟವನ್ನು ಓದುವವರು. ಚೆಂಡು ಸಿಕ್ಕಾಗ ದೂರಕ್ಕೆ ಒದ್ದು ಕೈತೊಳೆದುಕೊಳ್ಳುವುದು ಅವರ ರೀತಿಯಲ್ಲ. ಅದನ್ನು ಕಾಲಲ್ಲೇ ಇಟ್ಟುಕೊಂಡು ತಲೆಯೆತ್ತಿ ಮೈದಾನದ ನಡುವಿನವರೆಗೆ ನಡೆದುಬರುತ್ತಿದ್ದರು. ಎದುರಾಳಿ ತಡೆಯಲು ಮುಂದೆ ಬಂದರೆ ಅವನ ಬೆನ್ನ ಹಿಂದೆ ತೆರವಾದ ಜಾಗಕ್ಕೆ ಪಾಸ್. ಆಂಡರ್ಲೆಕ್ಟ್ ಮೂರು ಬಾರಿ ಬೆಲ್ಜಿಯಂ ಲೀಗ್ ಗೆದ್ದಿತು, 1983ರಲ್ಲಿ ಬೆನ್ಫಿಕಾವನ್ನು ಮಣಿಸಿ ಯುಇಎಫ್‌ಎ ಕಪ್ ಎತ್ತಿತು. ಮರುವರ್ಷ ಅದೇ ಕಪ್ಪಿನ ಫೈನಲ್ ಲಂಡನ್ನಿನಲ್ಲಿ ಪೆನಾಲ್ಟಿಗೆ ಹೋದಾಗ ಓಲ್ಸೆನ್ ಒದ್ದ ಚೆಂಡನ್ನು ಟಾಟನ್‌ಹ್ಯಾಮ್ ಗೋಲಿ ಟೋನಿ ಪಾರ್ಕ್ಸ್ ತಡೆದರು, ಕಪ್ ಕೈಜಾರಿತು.

ಜರ್ಮನಿಯ ಕೋಚ್ ಸೆಪ್ ಪಿಯೊಂಟೆಕ್ ಕಟ್ಟಿದ ಡೆನ್ಮಾರ್ಕ್ ತಂಡಕ್ಕೆ ಓಲ್ಸೆನ್ ನಾಯಕ. ಆ ತಂಡ 1984ರ ಯುರೋ ಕಪ್ ಸೆಮಿಫೈನಲ್‌ನಲ್ಲಿ ಸ್ಪೇನ್‌ಗೆ ಪೆನಾಲ್ಟಿಯಲ್ಲಿ ಸೋತಿತು. 1986ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಉರುಗ್ವೆಯನ್ನು 6–1ರಿಂದ, ಪಶ್ಚಿಮ ಜರ್ಮನಿಯನ್ನು 2–0ಯಿಂದ ಸೋಲಿಸಿ ಜಗತ್ತಿನ ಮನ ಗೆದ್ದಿತು. ಮುಂದಿನ ಸುತ್ತಿನಲ್ಲಿ ಮತ್ತೆ ಸ್ಪೇನ್‌ಗೆ, ಈ ಸಲ 1–5ರಿಂದ, ಶರಣಾಯಿತು. ಆಗ ಓಲ್ಸೆನ್‌ಗೆ 36 ವರ್ಷ. ಆಂಡರ್ಲೆಕ್ಟ್‌ನಿಂದ ಜರ್ಮನಿಯ ಕಲೋನ್ ಕ್ಲಬ್ಬಿಗೆ ಹೋದ ಅವರು 1989ರಲ್ಲಿ ಆಟ ನಿಲ್ಲಿಸುವಾಗ ದೇಶಕ್ಕಾಗಿ 102 ಪಂದ್ಯ ಆಡಿದ್ದರು. ನೂರು ದಾಟಿದ ಮೊದಲ ಡೇನ್ ಅವರೇ.

1990ರಲ್ಲಿ ಕೋಪನ್‌ಹೇಗನ್ ಸಮೀಪದ ಬ್ರಾಂಡ್‌ಬಿ ಕ್ಲಬ್ ಅವರಿಗೆ ಕೋಚ್ ಹುದ್ದೆ ಕೊಟ್ಟಿತು. ಎರಡು ಲೀಗ್ ಪ್ರಶಸ್ತಿ ಬಂದವು. 1991ರ ಯುಇಎಫ್‌ಎ ಕಪ್‌ನಲ್ಲಿ ತಂಡ ಸೆಮಿಫೈನಲ್ ತಲುಪಿ, ರೋಮ್‌ನಲ್ಲಿ ಕೊನೆಯ ನಿಮಿಷಗಳಲ್ಲಿ ರೋಮಾ ತಂಡದ ರೂಡಿ ಫೋಲರ್ ಹೊಡೆದ ಗೋಲಿಗೆ ಹೊರಬಿತ್ತು. ಆ ತಂಡದ ಪೀಟರ್ ಶ್ಮೈಕೆಲ್, ಜಾನ್ ಯೆನ್ಸೆನ್, ಕಿಮ್ ವಿಲ್‌ಫೋರ್ಟ್ 1992ರಲ್ಲಿ ಯುರೋ ಕಪ್ ಗೆದ್ದ ಡೆನ್ಮಾರ್ಕಿನಲ್ಲಿದ್ದರು. ಫೈನಲ್‌ನ ಎರಡೂ ಗೋಲು ಯೆನ್ಸೆನ್ ಮತ್ತು ವಿಲ್‌ಫೋರ್ಟ್ ಅವರದು. ಆ ಗೆಲುವಿನ ಕೋಚ್ ರಿಚರ್ಡ್ ಮೋಲರ್ ನೀಲ್ಸನ್ ಎಂಬುದು ಸರಿ, ಆದರೆ ಅದರ ಬೇರಿನಲ್ಲಿ ಓಲ್ಸೆನ್ ಅವರ ಬ್ರಾಂಡ್‌ಬಿಯೂ ಇದೆ ಎನ್ನಲೇಬೇಕು.

ಕಲೋನ್‌ನಲ್ಲಿ ಕೋಚ್ ಆಗಿದ್ದು ಬಂದ ಬಳಿಕ ನೆದರ್ಲೆಂಡ್ಸ್‌ನ ಅಯಾಕ್ಸ್. 1998ರಲ್ಲಿ ಆ ಕ್ಲಬ್ ಲೀಗ್ ಮತ್ತು ನೆದರ್ಲೆಂಡ್ಸ್ ಕಪ್ ಎರಡನ್ನೂ ಗೆದ್ದಾಗ ಡೆನ್ಮಾರ್ಕಿನ ಮೈಕೆಲ್ ಲೌಡ್ರಪ್ ಅವರ ಆಟಗಾರ; ಓಲ್ಸೆನ್ 2000ದಲ್ಲಿ ರಾಷ್ಟ್ರೀಯ ತಂಡ ವಹಿಸಿಕೊಂಡಾಗ ಅದೇ ಲೌಡ್ರಪ್ ಸಹಾಯಕ. 2002ರ ವಿಶ್ವಕಪ್‌ನಲ್ಲಿ ಅವರ ತಂಡ ಹಾಲಿ ಚಾಂಪಿಯನ್ ಫ್ರಾನ್ಸನ್ನು 2–0ಯಿಂದ ಸೋಲಿಸಿ ಮನೆಗೆ ಕಳಿಸಿತು. 2004ರ ಯುರೋದಲ್ಲಿ ಕ್ವಾರ್ಟರ್‌ಫೈನಲ್, 2010ರ ವಿಶ್ವಕಪ್, 2012ರ ಯುರೋದಲ್ಲಿ ನೆದರ್ಲೆಂಡ್ಸ್ ಮೇಲೆ ಗೆಲುವು. ನಡುನಡುವೆ 2006, 2008, 2014ರ ಟೂರ್ನಿಗಳಿಗೆ ಅರ್ಹತೆಯೇ ಸಿಗಲಿಲ್ಲ, ಟೀಕೆ ಜೋರಾಯಿತು. ಆದರೂ ಚೆಂಡನ್ನು ಹಿಂದಿನಿಂದ ಕಟ್ಟಿಕೊಂಡು ಬರುವ, ಅಂಚುಗಳಿಂದ ದಾಳಿ ಮಾಡುವ ಆಟವನ್ನು ಅವರು ಬಿಡಲಿಲ್ಲ.

2015ರ ನವೆಂಬರ್‌ನಲ್ಲಿ ಯುರೋ ಪ್ಲೇಆಫ್‌ನಲ್ಲಿ ಸ್ವೀಡನ್ ಎದುರು ಸೋತ ಮೇಲೆ ಓಲ್ಸೆನ್ ಹುದ್ದೆ ಬಿಟ್ಟರು. ಆಟಗಾರನಾಗಿಯೂ ಕೋಚ್ ಆಗಿಯೂ ತನ್ನ ದೇಶಕ್ಕಾಗಿ ನೂರಕ್ಕೂ ಹೆಚ್ಚು ಪಂದ್ಯ ಕಂಡ ಮೊದಲ ವ್ಯಕ್ತಿ ಅವರು.