ಆನ್ ಹಚಿನ್ಸನ್ ವಂಶಾವಳಿ: ಸಂಶೋಧನೆ ನಡೆದುಬಂದ ದಾರಿ

ಆನ್ ಹಚಿನ್ಸನ್ ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದ ಆಲ್ಫರ್ಡ್ ಪೇಟೆಯವಳು. 1634ರಲ್ಲಿ ಗಂಡ, ಮಕ್ಕಳೊಂದಿಗೆ ‘ಗ್ರಿಫಿನ್’ ಹಡಗಿನಲ್ಲಿ ಬಾಸ್ಟನ್‌ಗೆ ಬಂದಳು. ಮನೆಯಲ್ಲಿ ಜನ ಸೇರಿಸಿ ಪಾದ್ರಿಗಳ ಬೋಧನೆಯನ್ನು ಪ್ರಶ್ನಿಸಿದ್ದಕ್ಕೆ 1637ರ ನವೆಂಬರಿನಲ್ಲಿ ವಿಚಾರಣೆ ನಡೆದು ಗಡೀಪಾರಿನ ಶಿಕ್ಷೆಯಾಯಿತು. ಮುಂದೆ ರೋಡ್ ಐಲೆಂಡಿನಲ್ಲಿ ನೆಲೆಸಿ, ಗಂಡ ತೀರಿಕೊಂಡ ಮೇಲೆ ಈಗಿನ ನ್ಯೂಯಾರ್ಕಿನ ಬ್ರಾಂಕ್ಸ್ ಬಳಿಗೆ ಹೋದಳು. 1643ರಲ್ಲಿ ಸಿವನಾಯ್ ಮೂಲನಿವಾಸಿಗಳ ದಾಳಿಯಲ್ಲಿ ಸತ್ತಳು. ಧರ್ಮಸ್ವಾತಂತ್ರ್ಯದ ಚರ್ಚೆಗಳಲ್ಲಿ ಈ ಕತೆ ಮತ್ತೆ ಮತ್ತೆ ಬರುತ್ತದೆ. ಆಕೆಯ ಮನೆತನ ಯಾವುದು ಎಂಬ ಶೋಧ ಮಾತ್ರ ಬಹಳ ತಡವಾಗಿ ಆರಂಭವಾಯಿತು.

ಆಕೆಯ ಬಗೆಗಿನ ಮುಖ್ಯ ದಾಖಲೆಯೊಂದನ್ನು ಉಳಿಸಿಕೊಟ್ಟವನು ಆಕೆಯದೇ ಕುಡಿ. ಮ್ಯಾಸಚೂಸೆಟ್ಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಹಚಿನ್ಸನ್, ಆನ್‌ಳನ್ನು ಮೊದಲ ತಲೆಮಾರೆಂದು ಎಣಿಸಿದರೆ ಐದನೆಯವನು: ಆನ್, ಆಕೆಯ ಮಗ ಎಡ್ವರ್ಡ್, ಮೊಮ್ಮಗ ಎಲೈಷಾ, ಅವನ ಮಗ ಥಾಮಸ್, ಅವನ ಮಗ ಈ ಗವರ್ನರ್. 1765ರ ಆಗಸ್ಟ್ 26ರ ರಾತ್ರಿ, ಬ್ರಿಟನ್ ಹೇರಿದ ತೆರಿಗೆಯಾದ ಸ್ಟಾಂಪ್ ಕಾಯಿದೆಯ ವಿರುದ್ಧ ಸಿಟ್ಟಿಗೆದ್ದ ಗುಂಪು ಬಾಸ್ಟನ್ನಿನ ಅವನ ಮನೆಗೆ ನುಗ್ಗಿ ಲೂಟಿ ಮಾಡಿತು. ಅವನು ಬರೆಯುತ್ತಿದ್ದ ಪ್ರಾಂತ್ಯದ ಇತಿಹಾಸದ ಹಸ್ತಪ್ರತಿ ಬೀದಿಯ ಕೆಸರಿಗೆ ಬಿತ್ತು. ಪಾದ್ರಿ ಆಂಡ್ರ್ಯೂ ಎಲಿಯಟ್ ಹಾಳೆಗಳನ್ನು ಆರಿಸಿ ತಂದುಕೊಟ್ಟ. 1767ರಲ್ಲಿ ಹೊರಬಂದ ಎರಡನೆಯ ಸಂಪುಟದ ಅನುಬಂಧದಲ್ಲಿ ಆನ್‌ಳ ವಿಚಾರಣೆಯ ವರದಿ ಅಚ್ಚಾಯಿತು. ಅದು ನ್ಯಾಯಾಲಯದ ಕತೆ. ಅದರಲ್ಲಿ ವಂಶದ ವಿಚಾರವಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಂಶಾವಳಿ ಎಂದರೆ ಅಮೆರಿಕನ್ನರಿಗೆ ಅನುಮಾನ. ಅದು ದೊರೆಗಳ, ಜಹಗೀರುದಾರರ ಚಾಳಿ ಎಂಬ ಭಾವನೆಯಿತ್ತು. ಈ ಮುಜುಗರ ಕಳೆದದ್ದು 19ನೆಯ ಶತಮಾನದಲ್ಲಿ. ಜಾನ್ ಫಾರ್ಮರ್ 1829ರಲ್ಲಿ ನ್ಯೂ ಇಂಗ್ಲೆಂಡಿನ ಮೊದಲ ವಲಸಿಗರ ಪಟ್ಟಿ ಪ್ರಕಟಿಸಿದರು. 1845ರಲ್ಲಿ ಬಾಸ್ಟನ್ನಿನಲ್ಲಿ ವಂಶೇತಿಹಾಸ ಸಂಘ ಸ್ಥಾಪನೆಯಾಗಿ, ಎರಡು ವರ್ಷದಲ್ಲಿ ಅದರ ಪತ್ರಿಕೆಯೂ ಶುರುವಾಯಿತು. ಜೇಮ್ಸ್ ಸ್ಯಾವೇಜ್ ಅವರ ನಾಲ್ಕು ಸಂಪುಟಗಳ ವಂಶಕೋಶ 1860–62ರಲ್ಲಿ ಬಂತು. ಇವರೆಲ್ಲರ ಆಸಕ್ತಿ ಮುಖ್ಯವಾಗಿ ಹಡಗಿನಿಂದ ಇಳಿದ ಮೇಲಿನ ತಲೆಮಾರುಗಳ ಮೇಲೆ.

ಆ ಗಡಿ ದಾಟಿದವರು ಜೋಸೆಫ್ ಲೆಮ್ಯುಯಲ್ ಚೆಸ್ಟರ್. ಕನೆಕ್ಟಿಕಟ್‌ನಲ್ಲಿ ಹುಟ್ಟಿದ ಇವರು 1858ರಲ್ಲಿ ಲಂಡನ್ ಸೇರಿ, ಜೀವನವಿಡೀ ಇಂಗ್ಲೆಂಡಿನ ಉಯಿಲುಗಳನ್ನೂ ಚರ್ಚುಗಳ ದಾಖಲೆ ಪುಸ್ತಕಗಳನ್ನೂ ಜಾಲಾಡಿದರು. ಆನ್ ಮತ್ತು ಆಕೆಯ ಗಂಡ ವಿಲಿಯಂ ಇಬ್ಬರ ಪೂರ್ವಿಕರ ಕುರಿತ ಅವರ ಟಿಪ್ಪಣಿ ಪ್ರಕಟವಾದದ್ದು 1866ರಲ್ಲಿ. ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪ್ರತಿ ಚರ್ಚೂ ಬರೆದಿಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯೇ ಇಂಥ ಶೋಧಕ್ಕೆಲ್ಲ ಆಧಾರ. ಆನ್‌ಳ ದೀಕ್ಷಾಸ್ನಾನ 1591ರ ಜುಲೈ 20ರಂದು ಆಲ್ಫರ್ಡಿನಲ್ಲಿ, ಮದುವೆ 1612ರ ಆಗಸ್ಟ್ 9ರಂದು ಲಂಡನ್ನಿನ ಸೇಂಟ್ ಮೇರಿ ವುಲ್‌ನಾತ್ ಚರ್ಚಿನಲ್ಲಿ. ಬಟ್ಟೆ ವ್ಯಾಪಾರಿ ವಿಲಿಯಂನ ಅಜ್ಜ ಲಿಂಕನ್ ನಗರದ ಮೇಯರ್ ಆಗಿದ್ದವನು.

1936ರಲ್ಲಿ ಮೆರೆಡಿತ್ ಕೋಲ್ಕೆಟ್ ಆನ್ ಮತ್ತು ಆಕೆಯ ತಂಗಿ ಕ್ಯಾಥರಿನ್ ಸ್ಕಾಟ್ ಇಬ್ಬರ ಇಂಗ್ಲಿಷ್ ಮೂಲವನ್ನು ಒಂದೇ ಪುಸ್ತಕಕ್ಕೆ ತಂದರು. ಕ್ಯಾಥರಿನ್ ಕೂಡ ಅಕ್ಕನ ಹಾದಿಯವಳೇ: ಕ್ವೇಕರ್ ಪಂಥ ಸೇರಿ 1658ರಲ್ಲಿ ಬಾಸ್ಟನ್ನಿನಲ್ಲಿ ಚಾಟಿಯೇಟು ತಿಂದವಳು. ಇವರ ತಾಯಿ ಬ್ರಿಜೆಟ್ ಡ್ರೈಡನ್, ನಾರ್ಥಾಂಪ್ಟನ್‌ಶೈರಿನ ಕ್ಯಾನನ್ಸ್ ಆಶ್ಬಿಯ ಜಮೀನ್ದಾರಿ ಮನೆತನದವಳು. ಕವಿ ಜಾನ್ ಡ್ರೈಡನ್ ಆನ್‌ಳ ಸೋದರಮಾವ ಸರ್ ಇರಾಸ್ಮಸ್‌ನ ಮೊಮ್ಮಗ. ತಂದೆ ಫ್ರಾನ್ಸಿಸ್ ಮಾರ್ಬರಿ ಪಾದ್ರಿ. ಓದುಬರಹ ಸಾಲದವರನ್ನು ಪಾದ್ರಿಗಳಾಗಿ ನೇಮಿಸುತ್ತೀರಿ ಎಂದು ಬಿಷಪ್ಪರನ್ನೇ ದೂರಿದ್ದಕ್ಕೆ 1578ರಲ್ಲಿ ಲಂಡನ್ನಿನ ಬಿಷಪ್ ಜಾನ್ ಐಲ್ಮರ್ ಎದುರು ವಿಚಾರಣೆಗೆ ನಿಂತು, ಮಾರ್ಷಲ್ಸೀ ಸೆರೆಮನೆ ಕಂಡವನು. ಆ ವಾದವಿವಾದವನ್ನು ನೆನಪಿನಿಂದ ಬರೆದೂ ಇಟ್ಟಿದ್ದ. 59 ವರ್ಷಗಳ ನಂತರ ಮಗಳು ನ್ಯಾಯಾಧೀಶರಿಗೆ ಕೊಟ್ಟ ಚುರುಕು ಉತ್ತರಗಳನ್ನು ಇದರ ಪಕ್ಕದಲ್ಲಿಟ್ಟು ಓದಿದರೆ, ವಂಶಾವಳಿಯ ಶೋಧ ಇತಿಹಾಸಕ್ಕೆ ಏನು ಕೊಡಬಲ್ಲದು ಎಂಬುದು ತಿಳಿಯುತ್ತದೆ.

ಆದರೆ ಓದುಗರನ್ನು ಸೆಳೆದದ್ದು ರಾಜರಕ್ತ. ಗ್ಯಾರಿ ಬಾಯ್ಡ್ ರಾಬರ್ಟ್ಸ್ 1993ರಲ್ಲಿ ರಾಜವಂಶದ ಮೂಲವಿರುವ 500 ವಲಸಿಗರ ಗ್ರಂಥ ಹೊರತಂದರು. ಡಗ್ಲಸ್ ರಿಚರ್ಡ್‌ಸನ್ ಅದೇ ಜಾಡಿನಲ್ಲಿ 2004ರಿಂದ ದೊಡ್ಡ ಸಂಪುಟಗಳನ್ನು ಪ್ರಕಟಿಸಿದರು. ಆನ್‌ಳ ನಂಟು ಸಿಕ್ಕುವುದು ತಾಯಿಯ ಕಡೆಯಿಂದ: ಡ್ರೈಡನ್ನರಿಂದ ಕೋಪ್, ರಾಲಿ, ಗ್ರೀನ್, ಫೆರರ್ಸ್, ಡೆಸ್ಪೆನ್ಸರ್ ಮನೆತನಗಳನ್ನು ಹಾದು ದೊರೆ ಮೊದಲನೆಯ ಎಡ್ವರ್ಡನ ಮಗಳು ಜೋನ್‌ವರೆಗೆ. ಈ ಸರಪಳಿಗೆ ಅತಿಯಾದ ಬೆಲೆ ಸಿಕ್ಕಿದೆ ಎಂದೇ ಹೇಳಬೇಕು. ಎಡ್ವರ್ಡನ ಸಂತತಿಯವರು ಇಂದು ಲಕ್ಷಾಂತರ ಮಂದಿ. ಈ ಹಪಾಹಪಿಯೇ ಒಂದು ಕಾಲಕ್ಕೆ ಗುಸ್ಟಾವ್ ಆಂಜೂನಂಥವರಿಗೆ ದಂಧೆಯಾಗಿತ್ತು. ಹಣ ಪಡೆದು ನಕಲಿ ವಂಶಾವಳಿ ಹೆಣೆದುಕೊಟ್ಟವನು ಅವನು. ಡೊನಾಲ್ಡ್ ಲೈನ್ಸ್ ಜಾಕೋಬಸ್ 1922ರಲ್ಲಿ ಆರಂಭಿಸಿದ ಪತ್ರಿಕೆ, ಮೂಲದಾಖಲೆ ತೋರಿಸದ ಮಾತನ್ನು ಒಪ್ಪದ ಶಿಸ್ತನ್ನು ಈ ಕ್ಷೇತ್ರಕ್ಕೆ ಕಲಿಸಿತು. ರಾಬರ್ಟ್ ಚಾರ್ಲ್ಸ್ ಆಂಡರ್‌ಸನ್ 1988ರಲ್ಲಿ ಶುರುಮಾಡಿದ, ನ್ಯೂ ಇಂಗ್ಲೆಂಡಿಗೆ ನಡೆದ ಮಹಾವಲಸೆಯ ಅಧ್ಯಯನವೂ ಅದೇ ಶಿಸ್ತಿನದು.

ಇತ್ತ ಕೆಳಮುಖದ ಪಟ್ಟಿಯೂ ಬೆಳೆಯಿತು. ಆನ್‌ಗೆ ಹದಿನೈದು ಮಕ್ಕಳು. ಫ್ರಾಂಕ್ಲಿನ್ ರೂಸ್‌ವೆಲ್ಟ್, ಇಬ್ಬರು ಜಾರ್ಜ್ ಬುಷ್‌ಗಳು ಆಕೆಯ ಸಂತತಿ. ಗಡೀಪಾರಾದವಳ ವಂಶದಲ್ಲಿ ಮೂವರು ಅಧ್ಯಕ್ಷರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಆಕೆಯ ಕುಲದವರೆಂದು ಸಾಬೀತುಪಡಿಸುವ ಆಸೆ ಹಲವರಿಗೆ ಹುಟ್ಟಿದೆ. ಹನ್ನೆರಡು ತಲೆಮಾರು ಕಳೆಯುವಷ್ಟರಲ್ಲಿ ಒಬ್ಬ ಪೂರ್ವಿಕಳ ಅಂಶ ಮೈಯಲ್ಲಿ ಉಳಿಯದೆಯೂ ಇರಬಹುದು. ತಾಯಿಯಿಂದ ಮಗಳಿಗೆ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎ ಮಾತ್ರ ಹೆಚ್ಚು ಬದಲಾಗದೆ ಬರುತ್ತದೆ. ಅದು ಕೂಡ ಫೇಯ್ತ್, ಬ್ರಿಜೆಟ್, ಸುಸಾನಾರಂಥ ಹೆಣ್ಣುಮಕ್ಕಳಿಂದ ಬರೀ ಹೆಣ್ಣು ಸಾಲಿನಲ್ಲೇ ಇಳಿದವರಿಗೆ. ಕ್ಯಾಥರಿನ್‌ಳ ಹೆಣ್ಣುಮಕ್ಕಳ ಸಾಲಿನಲ್ಲೂ ಅದೇ ಇರುವುದರಿಂದ, ಅಕ್ಕನ ಕುಡಿ ಯಾರು, ತಂಗಿಯ ಕುಡಿ ಯಾರು ಎಂದು ಆ ಪರೀಕ್ಷೆ ಹೇಳಲಾರದು. ಅದಕ್ಕೆ ಇಂದಿಗೂ ಚರ್ಚಿನ ಪುಸ್ತಕ, ಉಯಿಲು, ಜಮೀನು ಪತ್ರಗಳೇ ಗತಿ.