ಮೀನುಮರಿಯ ಮೊದಲ ತುತ್ತು: ಬ್ರೈನ್ ಶ್ರಿಂಪ್ ನಮ್ಮ ಅಡುಗೆಮನೆಗೆ ಬಂದ ದಾರಿ

ಈ ಸಲದ ಮಾತು ಒಂದು ಸಣ್ಣ ಡಬ್ಬದ ಬಗ್ಗೆ. ವಿಡಿಯೋದಲ್ಲಿ ನನ್ನ ಕೈಯಲ್ಲಿ ನೋಡಿದ್ರಲ್ಲ, ಕಾಫಿಪುಡಿ ಥರ ಕಂದು ಪುಡಿ ಇರೋ ಡಬ್ಬ, ಅದೇ. ಅದು ಪುಡಿಯಲ್ಲ, ಮೊಟ್ಟೆ. ಒಂದು ಗ್ರಾಂನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಇರುತ್ತವೆ. ಒಣಗಿಸಿಟ್ಟರೆ ವರ್ಷಗಟ್ಟಲೆ ಸುಮ್ಮನಿರುತ್ತವೆ, ಉಪ್ಪುನೀರಿಗೆ ಹಾಕಿದರೆ ಒಂದು ದಿನದಲ್ಲಿ ಮರಿ. ಇದೇ ಬ್ರೈನ್ ಶ್ರಿಂಪ್, ವಿಜ್ಞಾನದ ಹೆಸರು ಆರ್ಟೀಮಿಯಾ.

ನಾನು ಇದಕ್ಕೆ ಬಂದಿದ್ದು ಸೋತು. ಕೊಂಡಾಪುರದ ನಮ್ಮ ಫ್ಲಾಟಲ್ಲಿ ಬೆಟ್ಟಾ ಮೀನು ಮೊದಲ ಸಲ ಮರಿ ಮಾಡಿದಾಗ ನೂರಕ್ಕೂ ಹೆಚ್ಚಿದ್ದವು. ಬೇಯಿಸಿದ ಮೊಟ್ಟೆಯ ಹಳದಿ ಹಾಕಿದೆ. ಮೂರೇ ದಿನಕ್ಕೆ ನೀರು ಕೆಟ್ಟಿತು. ಮಗಳು ಎಣಿಸಿ ಹೇಳಿದಳು: "ಅಪ್ಪಾ, ಒಂಬತ್ತೇ ಇವೆ." ಮರಿಗಳು ಅಲುಗಾಡದ ಆಹಾರವನ್ನು ಆಹಾರ ಅಂತ ಗುರುತಿಸೋದೇ ಕಷ್ಟ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು.

ಎರಡನೇ ಸಲ ಬಾಲ್ಕನಿಯಲ್ಲಿ ಬಕೆಟ್ ಇಟ್ಟು ಸೊಳ್ಳೆಮರಿ ಬೆಳೆಸಲು ಹೊರಟೆ. "ಮೀನಿಗೆ ಊಟ ಹಾಕಕ್ಕೆ ಹೋಗಿ ಅಪಾರ್ಟ್‌ಮೆಂಟಿಗೆಲ್ಲ ಡೆಂಗಿ ಹಂಚ್ತೀಯಾ?" ಅಂತ ಹೆಂಡತಿ ಕೇಳಿದಳು. ಸರಿಯಾದ ಪ್ರಶ್ನೆ. ಅದರಲ್ಲೂ ಇದು ಯಾವ ಊರು? 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿದ್ದು ಇದೇ ಸಿಕಂದರಾಬಾದಿನಲ್ಲಿ. ಅವರೂ ಮರಿಗಳಿಂದಲೇ ಸೊಳ್ಳೆ ಬೆಳೆಸಿ, ಜ್ವರದ ರೋಗಿಯನ್ನು ಕಚ್ಚಿಸಿ, ಆಮೇಲೆ ಸೀಳಿ ನೋಡಿದ್ದು. ಬೇಗಂಪೇಟೆಯಲ್ಲಿ ಆ ಕಟ್ಟಡ ಈಗಲೂ ಇದೆ. ಅದೇ ದಿನ ಬಕೆಟ್ ಬೋರಲು ಹಾಕಿದೆ. ಉಳಿದಿದ್ದು ಟ್ಯೂಬಿಫೆಕ್ಸ್ ಹುಳ, ಅದು ಸಿಗೋದು ಚರಂಡಿ ನೀರಲ್ಲಿ, ರೋಗವೂ ಜೊತೆಗೇ ಬರುತ್ತೆ.

ಬ್ರೈನ್ ಶ್ರಿಂಪ್ ಗೆದ್ದಿದ್ದೇ ಇಲ್ಲಿ. ಮೀನೇ ಬದುಕದಷ್ಟು ಉಪ್ಪಿರೋ ಕಡೆ ಅದು ಬದುಕುತ್ತೆ, ಹಾಗಾಗಿ ಮೀನಿನ ರೋಗ ಹೊತ್ತು ತರೋದು ಕಡಿಮೆ. 1750ರ ದಶಕದಲ್ಲಿ ಶ್ಲೋಸರ್ ಎಂಬುವರು ಇದನ್ನು ವರ್ಣಿಸಿದ್ದು ಇಂಗ್ಲೆಂಡಿನ ಲಿಮಿಂಗ್ಟನ್‌ನ ಉಪ್ಪಿನ ಆಗರಗಳಲ್ಲಿ ಕಂಡು. ಈ ಹುಳ ಇದ್ದರೆ ಉಪ್ಪುನೀರು ಬೇಗ ತಿಳಿಯಾಗುತ್ತೆ ಅಂತ ಅಲ್ಲಿನ ಕೆಲಸಗಾರರು ನಂಬಿದ್ದರು. 19ನೇ ಶತಮಾನದಲ್ಲಿ ಆ ಆಗರಗಳು ಮುಚ್ಚಿದವು, ಸೀಗಡಿಯೂ ಅಲ್ಲಿಂದ ಕಾಣೆಯಾಯಿತು. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಮೀನುಮರಿಗೆ ಇದು ಒಳ್ಳೆ ಊಟ ಅಂತ 1933ರಲ್ಲಿ ಬರೆದವರು ಸ್ಯಾನ್ ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಅಕ್ವೇರಿಯಂನ ಆಲ್ವಿನ್ ಸೀಲ್. 1939ರಲ್ಲಿ ನಾರ್ವೆಯ ರೊಲೆಫ್ಸನ್ ಸಮುದ್ರಮೀನಿನ ಮರಿಗಳಿಗೆ ಕೊಟ್ಟು ಬೆಳೆಸಿದರು. 1950ರ ದಶಕದಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಗರ ಮತ್ತು ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಿಂದ ಮೊಟ್ಟೆ ಡಬ್ಬಕ್ಕೆ ಬಂತು. ಸೀಗಡಿ ಹ್ಯಾಚರಿಗಳು ಹೆಚ್ಚಿದಂತೆ 1970ರ ದಶಕದಲ್ಲಿ ಮೊಟ್ಟೆಗೆ ಬರ ಬಂತು. ಬೇರೆ ಕಡೆಯ ಉಪ್ಪುಕೆರೆಗಳನ್ನೂ ಬಳಸಿದರೆ ಈ ಬರ ನೀಗುತ್ತೆ ಅಂತ 1976ರ ಕ್ಯೋಟೋ ಸಮ್ಮೇಳನದಲ್ಲಿ ವಾದಿಸಿದವರು ಬೆಲ್ಜಿಯಂನ ಪ್ಯಾಟ್ರಿಕ್ ಸೋರ್ಗೆಲೂಸ್. 1978ರಲ್ಲಿ ಗೆಂಟ್ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರ ಶುರುವಾಯ್ತು.

1990ರ ದಶಕದಲ್ಲಿ ಆಂಧ್ರದ ಕರಾವಳಿಗೆ ಸೀಗಡಿ ಸಾಕಣೆಯ ಅಲೆ ಬಂತಲ್ಲ, ಆಗ ಹ್ಯಾಚರಿಗಳಿಗೆ ಬೇಕಾಗಿದ್ದೂ ಇದೇ ಡಬ್ಬ. ಆರಾಂಘರ್ ಕಡೆಯಿಂದ ಊರಿನ ಬಸ್ ಹಿಡಿಯೋರು ಎಕ್ಸ್‌ಪ್ರೆಸ್‌ವೇ 235ನೇ ಪಿಲ್ಲರ್ ಹತ್ತಿರ ಮೀನಿನ ಆಕಾರದ ಕಟ್ಟಡ ನೋಡಿರ್ತೀರಿ. 2006ರಲ್ಲಿ ಶುರುವಾದ ರಾಷ್ಟ್ರೀಯ ಮೀನುಗಾರಿಕೆ ಅಭಿವೃದ್ಧಿ ಮಂಡಳಿಯ ಆಫೀಸು ಅದು. ಸಮುದ್ರವಿಲ್ಲದ ಊರಲ್ಲಿ ಮೀನಿನ ಕೇಂದ್ರ, ಬಾಲ್ಕನಿಯಲ್ಲಿ ಉಪ್ಪುನೀರಿನ ಬಾಟಲಿ, ಹೈದರಾಬಾದಿಗೆ ಎರಡೂ ಒಗ್ಗುತ್ತೆ!

ಈಗ ಮಾಡೋದು ಹೇಗೆ ನೋಡಿ. ಒಂದು ಲೀಟರ್ ಬಾಟಲಿ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಕ್ಲೋರಿನ್ ಹೋದ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಚಿಟಿಕೆ ಅಡುಗೆ ಸೋಡಾ, ಅರ್ಧ ಚಮಚ ಮೊಟ್ಟೆ. ಗಾಳಿ ನಿಲ್ಲಬಾರದು, ಬಲ್ಬ್ ಉರಿಯುತ್ತಿರಲಿ. 28 ಡಿಗ್ರಿ ಇದ್ದರೆ ಸುಮಾರು 24 ಗಂಟೆ, ಡಿಸೆಂಬರಿನ ಚಳಿಯಲ್ಲಿ ಇನ್ನೂ ಹೊತ್ತು ಬೇಕು. ಆಮೇಲೆ ಗಾಳಿ ನಿಲ್ಲಿಸಿ ಕೆಳಗಡೆ ಟಾರ್ಚ್ ಹಿಡೀರಿ. ಚಿಪ್ಪು ತೇಲುತ್ತೆ, ಮರಿ ಬೆಳಕಿನ ಕಡೆ ಕಿತ್ತಳೆ ಮೋಡದಂತೆ ಸೇರುತ್ತೆ. ಎಳೆದು, ಸಣ್ಣ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಹಾಕಿ. ತಡ ಮಾಡಬೇಡಿ, ಮರಿ ತನ್ನ ಹೊಟ್ಟೆಯ ಹಳದಿ ಕರಗಿಸಿಕೊಂಡಷ್ಟೂ ಮೀನಿಗೆ ಸಿಗೋ ಪೌಷ್ಟಿಕತೆ ಕಡಿಮೆ. ದೊಡ್ಡದು ಮಾಡಬೇಕಂದ್ರೆ ಬೇರೆ ಪಾತ್ರೆಯಲ್ಲಿ ಸ್ಪಿರುಲಿನಾ ಪುಡಿ ಸ್ವಲ್ಪ ಸ್ವಲ್ಪವೇ ಹಾಕ್ತಾ ಎರಡು ಮೂರು ವಾರ ಸಾಕಿ.

ಕೊನೆಯ ಮಾತು. ನಮ್ಮಲ್ಲೂ ಆರ್ಟೀಮಿಯಾ ಇತ್ತು. ಮುಂಬಯಿಯ ಆಗರಗಳಲ್ಲಿ, ತೂತ್ತುಕ್ಕುಡಿಯಲ್ಲಿ, ರಾಜಸ್ಥಾನದ ಸಾಂಭರ್ ಕೆರೆಯಲ್ಲಿ. ಇವುಗಳಲ್ಲಿ ಹೆಚ್ಚಿನವು ಗಂಡಿಲ್ಲದೆ ಹೆಣ್ಣೇ ಮರಿ ಮಾಡೋ ತಳಿ. ಹ್ಯಾಚರಿಗೆ ಬಂದ ಅಮೆರಿಕದ ತಳಿ ಆಗರಗಳಿಗೂ ಸೇರಿ, ಅದನ್ನು ತಳ್ಳಿ ಜಾಗ ಹಿಡಿದಿದೆ ಅಂತ 2010ರ ದಶಕದ ಅಧ್ಯಯನಗಳು ತೋರಿಸಿವೆ. ನಮ್ಮ ಸಿಂಕಿನಿಂದ ಹೋದದ್ದು ಸಿಹಿನೀರಲ್ಲಿ ಸಾಯುತ್ತೆ, ಅಪಾಯ ಅಲ್ಲಿಲ್ಲ. ಆದರೆ ಉಳಿದ ಡಬ್ಬವನ್ನು ಊರಿಗೆ ಒಯ್ದು, ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರದಲ್ಲಿ "ಏನಾಗುತ್ತೆ ನೋಡೋಣ" ಅಂತ ಚೆಲ್ಲಬೇಡಿ. ದಯವಿಟ್ಟು.

ಇನ್ನೊಂದು ಕಡೆ ಗ್ರೇಟ್ ಸಾಲ್ಟ್ ಲೇಕ್ 2022ರಲ್ಲಿ ದಾಖಲೆಯ ಮಟ್ಟಕ್ಕೆ ಇಳಿಯಿತು. ಉಪ್ಪು ಅತಿಯಾದರೆ ಈ ಸೀಗಡಿಗೂ ಕಷ್ಟ. ಲಿಮಿಂಗ್ಟನ್ ನೆನಪಿದೆಯಲ್ಲ? ಜಾಗ ಹೋದರೆ ಇದೂ ಹೋಗುತ್ತೆ. ಹಾಗಾಗಿ ಡಬ್ಬ ತೆಗೆದರೆ ಅಗತ್ಯಕ್ಕೆ ತಕ್ಕಷ್ಟೇ ಹಾಕಿ, ಮುಚ್ಚಳ ಬಿಗಿ ಮಾಡಿ ಫ್ರಿಜ್ಜಲ್ಲಿಡಿ.

ಮೂರನೇ ಸಲ ನಮ್ಮ ಮನೆಯಲ್ಲಿ ಅರವತ್ತೆರಡು ಮರಿ ಉಳಿದವು. ಎಣಿಸಿದ್ದು ಮಗಳೇ. ಮುಂದಿನ ವಾರ ಸಿಗೋಣ.